ಕುದಿಯೋ ನೀರಲ್ಲಿ ಇರೋ ಬ್ಯಾಕ್ಟೀರಿಯಾ ಬೆಂದುಹೋಗಲ್ಲ ಯಾಕೆ?

ಯಾವ್ದೇ ಬಯಾಲಜಿ ಲ್ಯಾಬಿಗೆ ಹೋಗಿ ಮೈನಸ್ 20 ಡಿಗ್ರಿ ಫ್ರೀಜರ್ ತೆಗೆದು ನೋಡಿ, ಡಬ್ಬಿಗಳಲ್ಲಿ ಪುಟ್ಟಪುಟ್ಟ ಪ್ಲಾಸ್ಟಿಕ್ ಟ್ಯೂಬ್ ಜೋಡಿಸಿಟ್ಟಿರ್ತಾರೆ, ಅದ್ರಲ್ಲಿ ಒಂದರ ಮುಚ್ಚಳದ ಮೇಲಾದ್ರೂ ಮಾರ್ಕರಲ್ಲಿ 'ಟ್ಯಾಕ್' ಅಂತ ಬರೆದಿರತ್ತೆ. ಒಳಗಿರೋದು ಒಂದು ಎನ್‌ಜೈಮ್, ಅಂದ್ರೆ ಜೀವಕೋಶದ ಕೆಲಸ ಮಾಡೋ ಪ್ರೋಟೀನ್, ಪೂರ್ತಿ ಹೆಸರು ಟ್ಯಾಕ್ ಪಾಲಿಮರೇಸ್, ಡಿಎನ್‌ಎ ಪ್ರತಿ ಮಾಡೋದು ಇದರ ಕೆಲಸ. ಅರ್ಧದಷ್ಟು ಗ್ಲಿಸರಾಲ್ ಬೆರೆಸಿರೋದ್ರಿಂದ ಅಷ್ಟು ಚಳೀಲೂ ಅದು ಹೆಪ್ಪುಗಟ್ಟಲ್ಲ, ಪಿಪೆಟ್ಟಲ್ಲಿ ಎಳೆದ್ರೆ ಸ್ವಲ್ಪ ಅಂಟಂಟಾಗಿ ನಿಧಾನಕ್ಕೆ ಮೇಲೆ ಬರತ್ತೆ. ತಮಾಷೆ ಏನಂದ್ರೆ ಇಷ್ಟು ಜೋಪಾನವಾಗಿ ತಣ್ಣಗಿಡೋ ಈ ವಸ್ತು ಚುರುಕಾಗಿ ಕೆಲಸ ಮಾಡೋದೇ 70-80 ಡಿಗ್ರಿ ಬಿಸೀಲಿ, 95ಕ್ಕೆ ಕಾಯಿಸಿದ್ರೂ ತಕ್ಷಣಕ್ಕೆ ಹಾಳಾಗಲ್ಲ. ಕೋವಿಡ್ ಟೈಮಲ್ಲಿ ನಿಮ್ಮ ಮೂಗಿಗೆ ಕಡ್ಡಿ ಹಾಕಿ ತಗೊಂಡು ಹೋದ ಸ್ಯಾಂಪಲ್ಲಲ್ಲಿ ವೈರಸ್ ಇದ್ಯಾ ಇಲ್ವಾ ಅಂತ ಹೇಳಿದ್ದು ಬಹುತೇಕ ಇದೇ, ಇಲ್ಲಾಂದ್ರೆ ಇದರದ್ದೇ ಸುಧಾರಿಸಿದ ರೂಪ. ಇದು ಬಂದಿರೋದು ಅಮೆರಿಕದ ಯೆಲ್ಲೋಸ್ಟೋನ್ ಪಾರ್ಕಿನ ಬಿಸಿನೀರಿನ ಬುಗ್ಗೇಲಿ ಸಿಕ್ಕ ಒಂದು ಬ್ಯಾಕ್ಟೀರಿಯಾದಿಂದ, ಅದರ ಹೆಸರು ಥರ್ಮಸ್ ಅಕ್ವಾಟಿಕಸ್.

ಈ ಕಥೆನ ಸುಮಾರು ಜನ ಕೇಳಿರ್ತೀರ. ಆದ್ರೆ ಆ ಬಿಸೀಲಿ ಜೀವ ಇರೋದಾದ್ರೂ ಹೆಂಗೆ ಅನ್ನೋದನ್ನ ಯಾರೂ ಸರಿಯಾಗಿ ಹೇಳಲ್ಲ, 'ಪ್ರಕೃತಿಯ ಅದ್ಭುತ' ಅಂದು ಮುಂದಕ್ಕೆ ಹೋಗ್ಬಿಡ್ತಾರೆ. ಹಂಗಾಗಿ ಮೊದಲು ಅದನ್ನೇ ನೋಡೋಣ.

ಬಿಸಿಗೆ ಜೀವಕೋಶ ಸಾಯೋದು ಯಾಕೆ? ಮೊಟ್ಟೆ ಬೇಯಿಸುವಾಗ ಬಿಳಿ ಭಾಗ ಗಟ್ಟಿಯಾಗತ್ತಲ್ಲ, ಉತ್ತರ ಅಲ್ಲೇ ಇದೆ. ಮೊಟ್ಟೆ ಬಿಳಿ ಅಂದ್ರೆ ನೀರಲ್ಲಿ ಕರಗಿರೋ ಪ್ರೋಟೀನ್. ಪ್ರೋಟೀನ್ ಅಂದ್ರೆ ಅಮೈನೋ ಆಸಿಡ್‌ಗಳು ಒಂದಕ್ಕೊಂದು ಸೇರಿ ಆದ ಉದ್ದ ಸರಪಳಿ, ಆದ್ರೆ ಅದು ಉದ್ದಕ್ಕೆ ಚಾಚ್ಕೊಂಡಿರಲ್ಲ, ಒಂದು ನಿರ್ದಿಷ್ಟ ಆಕಾರಕ್ಕೆ ಮಡಚ್ಕೊಂಡಿರತ್ತೆ, ಆ ಆಕಾರ ಇದ್ರೆ ಮಾತ್ರ ಕೆಲಸ. ಸರಪಳಿಯ ಕೊಂಡಿಗಳು ಗಟ್ಟಿ, ಅವು ಬಿಸಿಗೆ ಸುಲಭಕ್ಕೆ ಬಿಡಲ್ಲ. ಆದ್ರೆ ಮಡಚಿದ ಆಕಾರನ ಹಿಡಿದಿಟ್ಟಿರೋ ಬಂಧಗಳು ಒಂದೊಂದೂ ತೀರಾ ದುರ್ಬಲ: ಇಲ್ಲೊಂದು ಹೈಡ್ರೋಜನ್ ಬಾಂಡ್, ಅಲ್ಲೊಂದು ಪ್ಲಸ್ಸು ಮೈನಸ್ಸಿನ ಸೆಳೆತ, ಮಧ್ಯದಲ್ಲಿ ನೀರಿಗೆ ಹೆದರಿ ಒತ್ತೊತ್ತಾಗಿ ಕೂತ ಎಣ್ಣೆ ಸ್ವಭಾವದ ಭಾಗಗಳು. ಬಿಸಿ ಏರ್ತಾ ಹೋದಂಗೆ ಎಲ್ಲಾ ಅಣುಗಳೂ ಜೋರಾಗಿ ಕುಲುಕಾಡ್ತವೆ, ಒಂದು ಹಂತದಲ್ಲಿ ಈ ಚಿಲ್ಲರೆ ಬಂಧಗಳೆಲ್ಲ ಒಟ್ಟಿಗೇ ಬಿಟ್ಕೊಂಡು ಮಡಿಕೆ ಬಿಚ್ಚಿಹೋಗತ್ತೆ. ಬಿಚ್ಚಿದ ಸರಪಳಿಗಳು ಪಕ್ಕದ ಸರಪಳಿಗಳ ಜೊತೆ ಸಿಕ್ಕಾಕೊಂಡು ಗಂಟಾಗ್ತವೆ, ಅದೇ ಬೆಂದ ಮೊಟ್ಟೆ. ತಣ್ಣಗಾದ್ಮೇಲೂ ವಾಪಸ್ ಹಳೇ ರೂಪಕ್ಕೆ ಬರಲ್ಲ. ನಮ್ಮ ಕರುಳಲ್ಲಿರೋ ಇ. ಕೋಲಿ ತರದ ಬ್ಯಾಕ್ಟೀರಿಯಾನ 70 ಡಿಗ್ರಿ ನೀರಿಗೆ ಹಾಕಿದ್ರೆ ಅದರೊಳಗೆ ಆಗೋದೂ ಹೆಚ್ಚುಕಮ್ಮಿ ಇದೇ.

ಹಂಗಾದ್ರೆ ಥರ್ಮಸ್ ಏನೋ ಸ್ಪೆಷಲ್ ಮಟೀರಿಯಲ್ಲಿಂದ ಆಗಿರ್ಬೇಕು ಅನ್ಸತ್ತೆ ಅಲ್ವಾ? ಇಲ್ಲ. ಅದರ ಪ್ರೋಟೀನ್‌ಗಳಲ್ಲಿ ಇರೋದೂ ನಮ್ಮಲ್ಲಿರೋ ಅದೇ 20 ಬಗೆಯ ಅಮೈನೋ ಆಸಿಡ್. ವ್ಯತ್ಯಾಸ ಇರೋದು ಜೋಡಣೆಯಲ್ಲಿ, ಅದೂ ಒಂದು ದೊಡ್ಡ ಬದಲಾವಣೆ ಅಲ್ಲ, ಸಣ್ಣಸಣ್ಣವು ಬೇಕಾದಷ್ಟು. ಮೇಲ್ಮೈ ಮೇಲೆ ಪ್ಲಸ್-ಮೈನಸ್ ಜೋಡಿಗಳು ಜಾಸ್ತಿ. ಒಳಗಿನ ಭಾಗ ಸಂದಿ ಕಡಿಮೆ ಇರೋ ಹಂಗೆ ಬಿಗಿಯಾಗಿ ತುಂಬಿರತ್ತೆ. ಹೊರಗೆ ಜೋತಾಡೋ ಸಡಿಲ ಕುಣಿಕೆಗಳು ಗಿಡ್ಡ, ಯಾಕಂದ್ರೆ ಬಿಚ್ಚೋಕೆ ಶುರುವಾಗೋದು ಎಷ್ಟೋ ಸಲ ಅಲ್ಲಿಂದಾನೇ. ಬಿಸೀಲಿ ತಾನಾಗೇ ಕೆಡೋ ಆಸ್ಪರಜೀನ್, ಗ್ಲುಟಮೀನ್ ತರದ ಅಮೈನೋ ಆಸಿಡ್‌ಗಳ ಬಳಕೆ ಕಮ್ಮಿ. ಇಷ್ಟೇನಾ ಅಂದ್ರೆ ಹೌದು ಇಷ್ಟೇ, ಯಾಕಂದ್ರೆ ಯಾವ್ದೇ ಪ್ರೋಟೀನಿನ ಮಡಿಸಿದ ರೂಪಕ್ಕೂ ಬಿಚ್ಚಿದ ರೂಪಕ್ಕೂ ಮಧ್ಯೆ ಇರೋ ಶಕ್ತಿಯ ಅಂತರ ತುಂಬಾ ಕಮ್ಮಿ, ಕೆಲವೇ ದುರ್ಬಲ ಬಂಧಗಳಷ್ಟು. ಅಲ್ಲಿ ನಾಲ್ಕೈದು ಬಂಧ ಹೆಚ್ಚಿಗೆ ಸಿಕ್ಕಿದ್ರೂ ಸಾಕು, ಹತ್ತಿಪ್ಪತ್ತು ಡಿಗ್ರಿ ಹೆಚ್ಚು ತಡ್ಕೊಳ್ಳತ್ತೆ.

ಇದಕ್ಕೆ ಒಂದು ಬೆಲೆನೂ ಇದೆ. ಎನ್‌ಜೈಮ್ ಕೆಲಸ ಮಾಡ್ಬೇಕಾದ್ರೆ ಸ್ವಲ್ಪ ಬಳುಕಬೇಕು. ಇಷ್ಟು ಬಿಗಿಯಾಗಿ ಕಟ್ಟಿದ ಪ್ರೋಟೀನ್ 37 ಡಿಗ್ರೀಲಿ ಮರಗಟ್ಟಿದ ಹಂಗೆ ಇರತ್ತೆ, ಕೆಲಸ ಆಮೆ ವೇಗಕ್ಕಿಳಿಯತ್ತೆ. ಅದಕ್ಕೇ ಥರ್ಮಸ್ ಅಕ್ವಾಟಿಕಸ್ 40 ಡಿಗ್ರಿಗಿಂತ ಕೆಳಗೆ ಬೆಳೆಯೋದೇ ಇಲ್ಲ, ಅದು ಬೆಳೆಯೋ ವ್ಯಾಪ್ತಿ ಸುಮಾರು 40ರಿಂದ 79 ಡಿಗ್ರಿ, ಎಲ್ಲಕ್ಕಿಂತ ಚೆನ್ನಾಗಿ ಬೆಳೆಯೋದು 70ರಲ್ಲಿ. 70 ಡಿಗ್ರಿ ಅಂದ್ರೆ ಆಗಷ್ಟೇ ಲೋಟಕ್ಕೆ ಬಗ್ಗಿಸಿದ, ಇನ್ನೂ ತುಟಿಗೆ ತಾಗಿಸೋಕಾಗದ ಫಿಲ್ಟರ್ ಕಾಫಿ ಅನ್ಕೊಳ್ಳಿ. ಅಲ್ಲಿ ಅದು ಬಿಸೀನ ಹೆಂಗೋ ಸಹಿಸ್ಕೊಂಡು ಬದುಕ್ತಿಲ್ಲ, ಅದಕ್ಕೆ ಅಷ್ಟು ಬಿಸಿ ಬೇಕೇ ಬೇಕು, ನಮ್ಮ ಮೈ ಬಿಸಿ ಅದಕ್ಕೆ ಚಳಿ.

ಈ ಸಹಿಸೋದು ಮತ್ತು ಬದುಕೋದರ ವ್ಯತ್ಯಾಸ ಸ್ವಲ್ಪ ಬಿಡಿಸಿ ಹೇಳ್ಬೇಕು, ಜನ ಇಲ್ಲೇ ಕನ್‌ಫ್ಯೂಸ್ ಆಗೋದು. ಕೆಲವು ಬ್ಯಾಕ್ಟೀರಿಯಾ ಕಷ್ಟ ಬಂದಾಗ ಬೀಜಾಣು, ಅಂದ್ರೆ ಸ್ಪೋರ್ ಮಾಡ್ಕೊಂಡು ಎಲ್ಲಾ ಕೆಲಸ ನಿಲ್ಲಿಸಿ ಕೂತ್ಬಿಡ್ತವೆ, ಆಗ ಕುದಿಯೋ ನೀರನ್ನೂ ದಾಟ್ತವೆ. ಆಸ್ಪತ್ರೇಲಿ ಆಪರೇಷನ್ ಸಾಮಾನು ಶುದ್ಧ ಮಾಡೋ ಆಟೋಕ್ಲೇವ್ 121 ಡಿಗ್ರೀಲಿ ಸರಿಯಾಗಿ ಕೆಲಸ ಮಾಡ್ತಿದ್ಯಾ ಅಂತ ಚೆಕ್ ಮಾಡೋಕೆ ಜಿಯೋಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾದ ಸ್ಪೋರ್‌ಗಳನ್ನೇ ಒಳಗಿಟ್ಟು ನೋಡ್ತಾರೆ, ಅವು ಸತ್ತಿದ್ರೆ ಮೆಷಿನ್ ಸರಿ ಇದೆ ಅಂತ ಅರ್ಥ. ಆದ್ರೆ ಅದು ನಿದ್ದೆ. ಥರ್ಮಸ್ ಸ್ಪೋರ್ ಮಾಡಲ್ಲ. ಅದು ಆ ಬಿಸೀಲೇ ಎದ್ದಿರತ್ತೆ, ತಿನ್ನತ್ತೆ, ಒಂದು ಎರಡಾಗತ್ತೆ.

ಪ್ರೋಟೀನ್ ಒಂದನ್ನ ಗಟ್ಟಿ ಮಾಡ್ಕೊಂಡ್ರೆ ಮುಗೀಲಿಲ್ಲ. ಜೀವಕೋಶದ ಸುತ್ತ ಇರೋ ಪೊರೆ ಎರಡು ಪದರದ ಕೊಬ್ಬಿನದ್ದು, ಬಿಸಿ ಜಾಸ್ತಿ ಆದ್ರೆ ಸಡಿಲವಾಗಿ ಸೋರೋಕೆ ಶುರುವಾಗತ್ತೆ. ಥರ್ಮಸ್ ಅಲ್ಲಿ ಬಿಸಿಗೆ ಬೇಗ ಸಡಿಲವಾಗದ ಸ್ಯಾಚುರೇಟೆಡ್, ಕವಲೊಡೆದ ಫ್ಯಾಟಿ ಆಸಿಡ್‌ಗಳನ್ನ ಹಾಕ್ಕೊಂಡಿದೆ. ಇನ್ನು ಆರ್ಕಿಯಾ ಅನ್ನೋ ಬೇರೆಯದೇ ಗುಂಪಿನ ಸೂಕ್ಷ್ಮಜೀವಿಗಳಿವೆ (ನೋಡೋಕೆ ಬ್ಯಾಕ್ಟೀರಿಯಾ ತರಾನೇ, ವಂಶ ಮಾತ್ರ ಬೇರೆ ಅಂತ 1977ರಲ್ಲಿ ಕಾರ್ಲ್ ವೋಸ್ ತಂಡ ತೋರಿಸ್ತು), ಅವುಗಳಲ್ಲಿ ಕೆಲವು ಎರಡು ಪದರದ ಪೊರೆಯ ಗೋಜೇ ಬೇಡ ಅಂತ ಈ ಕಡೆಯಿಂದ ಆ ಕಡೆಗೆ ಒಂದೇ ಅಣು ಹಾಸಿರೋ ಹಂಗೆ ಪೊರೆ ಕಟ್ಕೊಂಡಿವೆ, ಎರಡು ಪದರ ಬೇರೆಯಾಗೋ ಪ್ರಶ್ನೆಯೇ ಇಲ್ಲ.

ಡಿಎನ್‌ಎ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಓಡಾಡ್ತಿದೆ. ಡಿಎನ್‌ಎ ಎರಡು ಎಳೆ, ಬಿಸಿಗೆ ಅವು ಬೇರೆಯಾಗ್ತವೆ. ಎಳೆಗಳನ್ನ ಸೇರಿಸಿಡೋದು ಎ, ಟಿ, ಜಿ, ಸಿ ಅನ್ನೋ ನಾಲ್ಕು 'ಅಕ್ಷರ'ಗಳ ಜೋಡಿ. ಜಿ-ಸಿ ಜೋಡಿಯಲ್ಲಿ ಮೂರು ಹೈಡ್ರೋಜನ್ ಬಾಂಡ್, ಎ-ಟಿಯಲ್ಲಿ ಎರಡೇ, ಹಂಗಾಗಿ ಬಿಸಿ ಜಾಗದ ಜೀವಿಗಳಲ್ಲೆಲ್ಲ ಜಿ-ಸಿ ಜಾಸ್ತಿ ಇರತ್ತೆ ಅಂತ ಎಷ್ಟೋ ಕಡೆ ಬರೀತಾರೆ. ಕೇಳೋಕೆ ಲಾಜಿಕ್ ಚೆನ್ನಾಗಿದೆ, ಆದ್ರೆ ಬೇಕಾದಷ್ಟು ಜೀವಿಗಳ ಜೀನೋಮ್ ಹೋಲಿಸಿ ನೋಡಿದಾಗ ಇಡೀ ಡಿಎನ್‌ಎಗೆ ಅಂಥ ನಿಯಮ ಕಾಣಲಿಲ್ಲ. ಥರ್ಮಸ್‌ನಲ್ಲಿ ಜಿ-ಸಿ ಜಾಸ್ತಿ ಇರೋದೇನೋ ನಿಜ, ಆದ್ರೆ ಅದಕ್ಕಿಂತ ಬಿಸೀಲಿರೋ ಬೇರೆಯವಲ್ಲಿ ಕಮ್ಮಿನೂ ಇದೆ. ನಿಯಮ ಸರಿಯಾಗಿ ಕೂರೋದು ಜೀವಕೋಶದಲ್ಲಿ ಪ್ರೋಟೀನ್ ಕಟ್ಟೋ ಯಂತ್ರವಾದ ರೈಬೋಸೋಮಿನ ಆರ್‌ಎನ್‌ಎಗೆ. ಡಿಎನ್‌ಎನ ಕಾಯೋದು ಬೇರೆ ವ್ಯವಸ್ಥೆ: ಅದಕ್ಕೆ ಅಂಟ್ಕೊಂಡಿರೋ ಪ್ರೋಟೀನ್‌ಗಳು, ಪಾಲಿಅಮೀನ್ ಅನ್ನೋ ಸಣ್ಣ ಅಣುಗಳು, ಉಪ್ಪಿನಂಶ, ಮತ್ತೆ 80 ದಾಟಿದ ಜಾಗದಲ್ಲಿ ಇರೋವುಗಳಿಗೆ ರಿವರ್ಸ್ ಗೈರೇಸ್ ಅಂತ ಒಂದು ಎನ್‌ಜೈಮ್, ಅದು ಡಿಎನ್‌ಎಗೆ ಇನ್ನಷ್ಟು ತಿರುಚು ಹಾಕಿ ಬಿಗಿ ಮಾಡತ್ತೆ.

ಈಗ ಯೆಲ್ಲೋಸ್ಟೋನಿಗೆ ಬರೋಣ. 1872ರಲ್ಲಿ ನ್ಯಾಷನಲ್ ಪಾರ್ಕ್ ಆದ ಜಾಗ, ಅಡಿಯಲ್ಲಿ ಜ್ವಾಲಾಮುಖಿ, ಮೇಲೆ ಸಾವಿರಾರು ಬಿಸಿನೀರಿನ ಬುಗ್ಗೆ. ಎತ್ತರದ ಪ್ರದೇಶ ಆದ್ರಿಂದ ಅಲ್ಲಿ ನೀರು 93 ಡಿಗ್ರಿಗೇ ಕುದಿಯತ್ತೆ. ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಅನ್ನೋ ದೊಡ್ಡ ಬುಗ್ಗೆಯ ಫೋಟೋ ನೋಡೇ ಇರ್ತೀರ, ಮಧ್ಯೆ ಗಾಢ ನೀಲಿ, ಸುತ್ತ ಹಳದಿ, ಕಿತ್ತಳೆ, ಕಂದು ಬಳೆಗಳು. ಎಷ್ಟೋ ಜನ ಅದನ್ನ ಖನಿಜದ ಬಣ್ಣ ಅನ್ಕೊಂಡಿರ್ತಾರೆ. ನೀಲಿ ನೀರಿನದ್ದೇ ಬಣ್ಣ, ಅಲ್ಲಿ ಬಿಸಿ ಜಾಸ್ತಿ ಇರೋದ್ರಿಂದ ಬಣ್ಣದ ಜೀವಿಗಳಿಲ್ಲ. ಸುತ್ತ ಇರೋ ಬಳೆಗಳು ಮಾತ್ರ ಪೂರ್ತಿ ಸೂಕ್ಷ್ಮಜೀವಿಗಳು. ನೀರು ಅಂಚಿಗೆ ಹರೀತಾ ತಣ್ಣಗಾಗತ್ತೆ, ಸುಮಾರು 73-74 ಡಿಗ್ರಿಗೆ ಇಳಿದ ಜಾಗದಲ್ಲಿ ಬಿಸಿಲಿಂದ ಆಹಾರ ಮಾಡ್ಕೊಳ್ಳೋ ಸಯನೋಬ್ಯಾಕ್ಟೀರಿಯಾ ಶುರುವಾಗತ್ತೆ, ಅದು ಹಳದಿ ಬಳೆ. ಫೋಟೋಸಿಂಥೆಸಿಸ್ ಯಂತ್ರ ಅದಕ್ಕಿಂತ ಹೆಚ್ಚಿನ ಬಿಸೀಲಿ ನಡೆಯಲ್ಲ. ಇನ್ನೂ ತಣ್ಣಗಾದ ಕಡೆ ಬೇರೆ ಜಾತಿಗಳು ಸೇರ್ಕೊಂಡು ಕಿತ್ತಳೆ, ಆಮೇಲೆ ಕಂದು. ಬಣ್ಣ ನೋಡೇ ಅಲ್ಲಿ ನೀರು ಎಷ್ಟು ಬಿಸಿ ಅಂತ ಅಂದಾಜು ಹೇಳಬಹುದು. ಮುಟ್ಟಿ ನೋಡೋ ಕೆಲಸ ಮಾತ್ರ ಬೇಡ, ಆ ನೀರಿಗೆ ಬಿದ್ದು ಜನ ಸತ್ತಿದ್ದಾರೆ.

1964ರಲ್ಲಿ ಟಾಮ್ ಬ್ರಾಕ್ ಅನ್ನೋ ಮೈಕ್ರೋಬಯಾಲಜಿಸ್ಟ್ ಇದನ್ನ ನೋಡಿದ್ರು, ಆಗ ಇಂಡಿಯಾನಾ ಯೂನಿವರ್ಸಿಟಿಯಲ್ಲಿದ್ರು. ಇಷ್ಟೊಂದು ಜೀವಿಗಳು ಇಲ್ಲಿ ಬದುಕೋದು ಹೆಂಗೆ ಅನ್ನೋ ಕುತೂಹಲ ಬಿಟ್ರೆ ಅವರಿಗೆ ಬೇರೆ ಉದ್ದೇಶ ಇರಲಿಲ್ಲ. ಆಗಿನ ತಿಳುವಳಿಕೆ ಪ್ರಕಾರ 73 ಡಿಗ್ರಿ ಆಸುಪಾಸೇ ಜೀವದ ಗಡಿ. ಆದ್ರೆ ಆಕ್ಟೋಪಸ್ ಸ್ಪ್ರಿಂಗ್ ಅನ್ನೋ ಬುಗ್ಗೆಯ ಬಾಯಿ ಹತ್ರ, 80 ದಾಟಿದ ನೀರಲ್ಲಿ, ಗುಲಾಬಿ ಬಣ್ಣದ ಎಳೆಗಳು ಹರಿಯೋ ನೀರಿಗೆ ಓಲಾಡ್ತಾ ಇದ್ದವು. ಬರಿಗಣ್ಣಿಗೆ ಕಾಣೋ ಅಷ್ಟು. ಜೀವ ಇರೋದೇ ಅಂತ ಅವರಿಗೆ ಖಾತ್ರಿ ಆಯ್ತು.

ಅದನ್ನ ಲ್ಯಾಬಲ್ಲಿ ಬೆಳೆಸೋಕೆ ಆಗಲಿಲ್ಲ. 1966ರಲ್ಲಿ ಬ್ರಾಕ್ ಮತ್ತೆ ಆಗ ಡಿಗ್ರಿ ಓದ್ತಿದ್ದ ಹಡ್ಸನ್ ಫ್ರೀಜ್ ಅನ್ನೋ ಸ್ಟೂಡೆಂಟ್ ಮಶ್ರೂಮ್ ಸ್ಪ್ರಿಂಗ್ ಅನ್ನೋ ಇನ್ನೊಂದು ಬುಗ್ಗೆಯ ಸ್ಯಾಂಪಲ್ ಇಟ್ಕೊಂಡು ಪ್ರಯತ್ನ ಮಾಡಿದ್ರು, ಅಲ್ಲಿ ಸಿಕ್ಕಿದ್ದೇ ಹಳದಿ ಬಣ್ಣದ ನಮ್ಮ ಥರ್ಮಸ್. (ಬಿಸಿನೀರಿನ ಕೀಟಾಣು ಹಿಡಿದವರ ಹೆಸರು ಫ್ರೀಜ್, ಏನು ಮಾಡೋದು.) ನನ್ನ ಪ್ರಕಾರ ಇಡೀ ಕಥೇಲಿ ಮೆಚ್ಚಬೇಕಾದ ಜಾಗ ಇದೇ, ಆದ್ರೆ ಹೇಳೋರು ಕಮ್ಮಿ. ಅಲ್ಲಿವರೆಗೂ ಬಿಸಿ ಇಷ್ಟಪಡೋ ಬ್ಯಾಕ್ಟೀರಿಯಾ ಹುಡುಕೋರು ಸ್ಯಾಂಪಲ್ಲನ್ನ 55 ಡಿಗ್ರಿ ಇನ್ಕ್ಯುಬೇಟರಲ್ಲಿ ಇಡ್ತಿದ್ರು, ಜೊತೆಗೆ ಭರ್ಜರಿ ಪೋಷಕಾಂಶದ ಊಟ. 55ಕ್ಕೆ ಇಟ್ರೆ 55ರಲ್ಲಿ ಬೆಳೆಯೋವೇ ಸಿಗೋದು, ಮತ್ತೆ ಅದಕ್ಕಿಂತ ಮೇಲೆ ಏನೂ ಇಲ್ಲ ಅಂತ ಬರೆಯೋದು! ಇವರು ಉಷ್ಣತೆನ 70-75ಕ್ಕೆ ಏರಿಸಿದ್ರು, ಬುಗ್ಗೆ ನೀರಲ್ಲಿ ತಿನ್ನೋಕೆ ಏನೂ ಹೆಚ್ಚಿಗೆ ಇರಲ್ಲ ಅಂತ ಊಟನೂ ತೆಳ್ಳಗೆ ಮಾಡಿದ್ರು, ಅಷ್ಟಕ್ಕೇ ಕೆಲಸ ಆಯ್ತು. 1969ರಲ್ಲಿ ಪೇಪರ್ ಪಬ್ಲಿಷ್ ಆಯ್ತು, ಬ್ಯಾಕ್ಟೀರಿಯಾನ ಅಮೆರಿಕದ ಸಾರ್ವಜನಿಕ ಕಲ್ಚರ್ ಸಂಗ್ರಹಕ್ಕೆ ಕೊಟ್ಬಿಟ್ರು, ಯಾವ ಸಂಶೋಧಕರು ಬೇಕಾದ್ರೂ ಸಣ್ಣ ಶುಲ್ಕ ಕಟ್ಟಿ ತರಿಸ್ಕೋಬಹುದಿತ್ತು.

ಆ ಗುಲಾಬಿ ಎಳೆ ಏನಾಯ್ತು ಅಂದ್ರೆ, ಅದರ ಗುರುತು ಸಿಗೋಕೆ 1990ರ ದಶಕವೇ ಬರ್ಬೇಕಾಯ್ತು. ಬೆಳೆಸದೇನೇ ನೇರವಾಗಿ ಅದರ ಜೀನ್ ಪ್ರತಿ ಮಾಡಿ ಓದಿ, ಅಕ್ವಿಫೆಕ್ಸ್ ಅನ್ನೋ ಗುಂಪಿನ ಸಂಬಂಧಿ ಅಂತ ಪತ್ತೆ ಹಚ್ಚಿದ್ರು, ಆಮೇಲೆ 1998ರಲ್ಲಿ ಲ್ಯಾಬಲ್ಲೂ ಬೆಳೆಸಿ ಥರ್ಮೋಕ್ರೈನಿಸ್ ಅಂತ ಹೆಸರಿಟ್ರು. ಹಂಗೆ ಜೀನ್ ಪ್ರತಿ ಮಾಡೋ ವಿಧಾನನೇ ಪಿಸಿಆರ್.

ಪಿಸಿಆರ್ ಅಂದ್ರೆ ಡಿಎನ್‌ಎ ಜೆರಾಕ್ಸ್ ಅಂತಾರೆ, ಪರವಾಗಿಲ್ಲ, ಆದ್ರೆ ಒಳಗೆ ನಡೆಯೋದನ್ನ ನೋಡಿದ್ರೆ ಬಿಸಿನೀರಿನ ಬ್ಯಾಕ್ಟೀರಿಯಾ ಯಾಕೆ ಬೇಕಾಯ್ತು ಅನ್ನೋದು ಅರ್ಥ ಆಗತ್ತೆ. ಟ್ಯೂಬನ್ನ 95 ಡಿಗ್ರಿಗೆ ಕಾಯಿಸ್ತಾರೆ, ಡಿಎನ್‌ಎಯ ಎರಡು ಎಳೆ ಬೇರೆಯಾಗ್ತವೆ. 55-60ಕ್ಕೆ ಇಳಿಸ್ತಾರೆ, ನಮಗೆ ಬೇಕಾದ ಭಾಗದ ಎರಡು ತುದಿಗೆ ಪ್ರೈಮರ್ ಅನ್ನೋ ಗಿಡ್ಡ ಡಿಎನ್‌ಎ ತುಣುಕುಗಳು ಹೋಗಿ ಕೂತ್ಕೋತವೆ. 72ಕ್ಕೆ ಏರಿಸ್ತಾರೆ, ಪಾಲಿಮರೇಸ್ ಎನ್‌ಜೈಮ್ ಪ್ರೈಮರಿಂದ ಶುರು ಮಾಡಿ ಎದುರಿನ ಎಳೆ ಕಟ್ತಾ ಹೋಗತ್ತೆ. ಒಂದು ಇದ್ದಿದ್ದು ಎರಡಾಯ್ತು. ಮತ್ತೆ 95, ಮತ್ತೆ ಇಳಿಸು, ಮತ್ತೆ ಏರಿಸು. 30 ಸುತ್ತು ಆದ್ರೆ ಲೆಕ್ಕದ ಪ್ರಕಾರ ಒಂದೇ ಒಂದು ಪ್ರತಿ 107 ಕೋಟಿ ಆಗ್ಬೇಕು.

ಕ್ಯಾರಿ ಮುಲ್ಲಿಸ್ ಅನ್ನೋರಿಗೆ 1983ರಲ್ಲಿ ಈ ಐಡಿಯಾ ಹೊಳೀತು, ಕ್ಯಾಲಿಫೋರ್ನಿಯಾದ ಸೀಟಸ್ ಅನ್ನೋ ಕಂಪನೀಲಿ ಕೆಲಸ ಮಾಡ್ತಿದ್ರು, ರಾತ್ರಿ ಕಾರ್ ಓಡಿಸ್ತಾ ಹೊಳೀತಂತೆ. 1993ರಲ್ಲಿ ನೊಬೆಲ್ ಬಂತು. ಆದ್ರೆ ಶುರುವಿನಲ್ಲಿ ಬಳಸ್ತಿದ್ದಿದ್ದು ಇ. ಕೋಲಿಯ ಪಾಲಿಮರೇಸ್, ಅದು 37 ಡಿಗ್ರಿಯ ಗಿರಾಕಿ, ಪ್ರತಿ ಸಲ 95ಕ್ಕೆ ಕಾಯಿಸಿದಾಗ್ಲೂ ಸತ್ತುಹೋಗೋದು. ಹಂಗಾಗಿ ಪ್ರತಿ ಸುತ್ತಿಗೂ ಮುಚ್ಚಳ ತೆಗೆದು ಹೊಸ ಎನ್‌ಜೈಮ್ ಹಾಕ್ಬೇಕು, ಮುಂದಿನ ಸುತ್ತು, ಮತ್ತೆ ಮುಚ್ಚಳ, ಮತ್ತೆ ಎನ್‌ಜೈಮ್. ಇಡೀ ದಿನ ಅದೇ ಕೆಲಸ. ಇನ್ನೊಂದು ತಲೆನೋವು, 37 ಡಿಗ್ರೀಲಿ ಪ್ರೈಮರ್‌ಗಳು ಹೆಚ್ಚುಕಮ್ಮಿ ಹೊಂದೋ ತಪ್ಪು ಜಾಗದಲ್ಲೂ ಅಂಟ್ಕೊಳ್ತವೆ, ಬೇಡದ ಪ್ರತಿಗಳೇ ತುಂಬ್ಕೊಳ್ತವೆ.

ಪರಿಹಾರ ಆಗಲೇ ಲೈಬ್ರರೀಲಿ ಇತ್ತು. 1976ರಲ್ಲೇ ಸಿನ್ಸಿನಾಟಿ ಯೂನಿವರ್ಸಿಟಿಯ ಆಲಿಸ್ ಚಿಯೆನ್ ಮತ್ತೆ ಅವರ ಜೊತೆಯವರು ಥರ್ಮಸ್ ಅಕ್ವಾಟಿಕಸ್‌ನ ಪಾಲಿಮರೇಸ್ ಬೇರ್ಪಡಿಸಿ, 80 ಡಿಗ್ರೀಲಿ ಚೆನ್ನಾಗಿ ಕೆಲಸ ಮಾಡತ್ತೆ ಅಂತ ಬರೆದಿಟ್ಟಿದ್ರು. ಸೀಟಸ್‌ನವರು ಅದನ್ನ ತಂದು ಪಿಸಿಆರ್‌ಗೆ ಹಾಕಿದ್ರು, 1988ರಲ್ಲಿ ರ್‍ಯಾಂಡಲ್ ಸೈಕಿ ತಂಡದ ಪೇಪರ್ ಬಂತು. ಈ ಎನ್‌ಜೈಮ್ 95 ಡಿಗ್ರೀಲಿ ಅರ್ಧ ಬಲ ಕಳ್ಕೊಳ್ಳೋಕೆ ಸುಮಾರು 40 ನಿಮಿಷ ಬೇಕು. ಸುತ್ತಿಗೆ ಅರ್ಧ ನಿಮಿಷದಂತೆ 35 ಸುತ್ತಂದ್ರೂ 95ರಲ್ಲಿ ಕಳೆಯೋದು 17-18 ನಿಮಿಷ. ಹಂಗಾಗಿ ಒಂದ್ಸಲ ಹಾಕಿ, ಮುಚ್ಚಳ ಮುಚ್ಚಿ, ಮೆಷಿನ್ ಆನ್ ಮಾಡಿ ಊಟಕ್ಕೆ ಹೋಗಬಹುದು. 72 ಡಿಗ್ರೀಲಿ ಕೆಲಸ ಮಾಡೋದ್ರಿಂದ ತಪ್ಪು ಜಾಗದಲ್ಲಿ ಅಂಟೋ ಗಲಾಟೆನೂ ಇಳೀತು. ಮುಲ್ಲಿಸ್ ಕಾರಿನ ಕಥೆ ಎಲ್ಲರಿಗೂ ಗೊತ್ತು, ಆಲಿಸ್ ಚಿಯೆನ್ ಹೆಸರು ಯಾರಿಗೂ ಗೊತ್ತಿಲ್ಲ, ನನಗೆ ಇದು ಯಾವಾಗ್ಲೂ ಅನ್ಯಾಯ ಅನ್ಸತ್ತೆ.

1991ರಲ್ಲಿ ಸೀಟಸ್ ಪಿಸಿಆರ್ ಹಕ್ಕುಗಳನ್ನ 30 ಕೋಟಿ ಡಾಲರಿಗೆ ರೋಶ್ ಕಂಪನಿಗೆ ಮಾರ್ತು. ಯೆಲ್ಲೋಸ್ಟೋನ್ ಪಾರ್ಕಿಗೆ ಅದ್ರಲ್ಲಿ ಒಂದು ಪೈಸೆನೂ ಬರಲಿಲ್ಲ, ಬ್ರಾಕ್‌ಗೂ ಬರಲಿಲ್ಲ. ಒಂದು ಜಾಗದ ಜೀವಿಯಿಂದ ದುಡ್ಡು ಮಾಡಿದ್ರೆ ಆ ಜಾಗಕ್ಕೂ ಪಾಲು ಬೇಡ್ವಾ ಅನ್ನೋ ಚರ್ಚೆ ಬಂದಾಗೆಲ್ಲ ಈ ಉದಾಹರಣೆ ಬರತ್ತೆ. ನಮ್ಮ ದೇಶದಲ್ಲಿ 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಈ ಪಾಲಿನ ವಿಷಯ ಇದೆ.

ಕೋವಿಡ್ ಟೆಸ್ಟಲ್ಲಿ ಈ ಎನ್‌ಜೈಮಿನ ಇನ್ನೊಂದು ಚಾಳಿ ಕೂಡ ಕೆಲಸಕ್ಕೆ ಬಂತು. ವೈರಸ್‌ದು ಆರ್‌ಎನ್‌ಎ, ಅದನ್ನ ಮೊದಲು ಬೇರೆ ಎನ್‌ಜೈಮ್ ಡಿಎನ್‌ಎ ಆಗಿ ಬದಲಾಯಿಸತ್ತೆ, ಆಮೇಲೆ ಟ್ಯಾಕ್ ಸರದಿ. ಇದು ಎಳೆ ಕಟ್ತಾ ಹೋಗುವಾಗ ದಾರೀಲಿ ಬೇರೆ ಡಿಎನ್‌ಎ ತುಣುಕು ಅಡ್ಡ ಕೂತಿದ್ರೆ ಅದನ್ನ ಕತ್ತರಿಸಿ ಎಸೆದು ಮುಂದೆ ಹೋಗತ್ತೆ. ಟೆಸ್ಟ್ ಮಾಡೋರು ಬೇಕಂತಲೇ ಒಂದು ತುಣುಕು ಅಡ್ಡ ಇಡ್ತಾರೆ, ಅದರ ಒಂದು ತುದೀಲಿ ಹೊಳೆಯೋ ಬಣ್ಣ, ಇನ್ನೊಂದು ತುದೀಲಿ ಆ ಹೊಳಪನ್ನ ಅಡಗಿಸೋ ಅಣು. ಎರಡೂ ಹತ್ರ ಇರೋವರೆಗೂ ಬೆಳಕಿಲ್ಲ. ಟ್ಯಾಕ್ ಬಂದು ಕತ್ತರಿಸಿದಾಗ ಬಣ್ಣ ಬಿಡುಗಡೆ ಆಗಿ ಹೊಳೆಯತ್ತೆ, ಮೆಷಿನ್ ಆ ಬೆಳಕನ್ನ ಸುತ್ತುಸುತ್ತಿಗೂ ಅಳೀತಾ ಹೋಗತ್ತೆ. ರಿಪೋರ್ಟಲ್ಲಿ ಸಿಟಿ ವ್ಯಾಲ್ಯೂ ಅಂತ ಇರ್ತಿತ್ತಲ್ಲ, ಎಷ್ಟನೇ ಸುತ್ತಿಗೆ ಬೆಳಕು ಗೆರೆ ದಾಟ್ತು ಅನ್ನೋ ನಂಬರ್ ಅದು. 18 ಅಂದ್ರೆ ಸ್ಯಾಂಪಲ್ಲಲ್ಲಿ ವೈರಸ್ ಸರಕು ಬೇಕಾದಷ್ಟಿತ್ತು, 33 ಅಂದ್ರೆ ಚೂರೇ ಚೂರು. 35 ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಪಾಸಿಟಿವ್ ಅನ್ನೋ ಮಿತಿಯನ್ನ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹಾಕಿತ್ತು.

ಈಗ ಟ್ಯಾಕ್ ಮಾಡೋಕೆ ಯಾರೂ ಬಿಸಿನೀರಿನ ಬ್ಯಾಕ್ಟೀರಿಯಾ ಬೆಳೆಸಲ್ಲ. ಅದರ ಜೀನನ್ನ ಇ. ಕೋಲಿಗೆ ಸೇರಿಸಿ 37 ಡಿಗ್ರೀಲಿ ಆರಾಮಾಗಿ ಬೆಳೆಸ್ತಾರೆ. ಇ. ಕೋಲಿ ಒಡೆದಾಗ ಅದರ ಸಾವಿರಾರು ಪ್ರೋಟೀನ್ ಮಧ್ಯೆ ಟ್ಯಾಕ್ ಬೆರೆತಿರತ್ತೆ, ಬೇರ್ಪಡಿಸೋ ಉಪಾಯ ನೋಡಿ: ಆ ರಸಾನ 75 ಡಿಗ್ರಿಗೆ ಕಾಯಿಸೋದು. ಇ. ಕೋಲಿಯ ಪ್ರೋಟೀನ್‌ಗಳೆಲ್ಲ ಬೆಂದು ಬೆಳ್ಳಗೆ ಗಟ್ಟಿಯಾಗಿ, ಜೋರಾಗಿ ಗಿರಗಿರ ತಿರುಗಿಸೋ ಸೆಂಟ್ರಿಫ್ಯೂಜಲ್ಲಿ ತಳಕ್ಕೆ ಕೂರ್ತವೆ, ಮೇಲಿನ ತಿಳಿಯಲ್ಲಿ ಟ್ಯಾಕ್ ಹಂಗೇ ಉಳ್ಕೊಳ್ಳತ್ತೆ. ಬೆಂಗಳೂರು ಜೀನೈ ಅಂತ ನಮ್ಮೂರ ಕಂಪನಿ ಒಂದು ಕಾಲಕ್ಕೆ ಇಂಥ ಎನ್‌ಜೈಮ್‌ಗಳನ್ನ ಮಾಡಿ ಲ್ಯಾಬ್‌ಗಳಿಗೆ ಮಾರ್ತಿತ್ತು. ಟ್ಯಾಕ್‌ಗೆ ಒಂದು ಕೊರತೆನೂ ಇದೆ, ತಪ್ಪು ಅಕ್ಷರ ಹಾಕಿದ್ರೆ ವಾಪಸ್ ಬಂದು ತಿದ್ದೋ ಅಭ್ಯಾಸ ಇಲ್ಲ. ನಿಖರವಾಗಿ ಬೇಕಾದಾಗ ಇಟಲಿಯ ವಲ್ಕಾನೋ ದ್ವೀಪದ ಹತ್ರ ಸಿಕ್ಕ, 100 ಡಿಗ್ರೀಲಿ ಬೆಳೆಯೋ ಪೈರೋಕಾಕಸ್ ಅನ್ನೋ ಆರ್ಕಿಯಾದ ಪಾಲಿಮರೇಸ್ ಹಾಕ್ತಾರೆ. ಈವರೆಗಿನ ದಾಖಲೆ 122 ಡಿಗ್ರಿ, ಅದೂ ಆರ್ಕಿಯಾನೇ, ಹಿಂದೂ ಮಹಾಸಾಗರದ ತಳದಲ್ಲಿ ಸಿಕ್ಕಿದ್ದು, ನೀರಿನ ಒತ್ತಡ ಜಾಸ್ತಿ ಇರೋದ್ರಿಂದ ಅಲ್ಲಿ ನೀರು ಅಷ್ಟು ಬಿಸೀಲೂ ಕುದಿಯಲ್ಲ.

ನಮ್ಮ ದೇಶದಲ್ಲೂ ಥರ್ಮಸ್ ಇದೆ. ಹಿಮಾಚಲದ ಮಣಿಕರಣ್‌ನಲ್ಲಿ ಬಟ್ಟೇಲಿ ಅಕ್ಕಿ ಕಟ್ಟಿ ಬುಗ್ಗೆ ನೀರಿಗೆ ಇಳಿಬಿಟ್ಟು ಅನ್ನ ಮಾಡ್ಕೊಳ್ತಾರಲ್ಲ, ಆ ಊರಿನ ಬುಗ್ಗೆಯಿಂದ ಸಿಕ್ಕ ಜಾತಿಗೆ ಪಾರ್ವತಿ ಕಣಿವೆಯ ನೆನಪಿಗೆ ಥರ್ಮಸ್ ಪಾರ್ವತಿಯೆನ್ಸಿಸ್ ಅಂತಲೇ ಹೆಸರು. ಕರ್ನಾಟಕದಲ್ಲಿ ಪುತ್ತೂರು ಹತ್ರ ಇರ್ದೆಯ ಬೆಂದ್ರುತೀರ್ಥ ಇದೆ, ಆದ್ರೆ ಅಲ್ಲಿನ ನೀರು ಸ್ನಾನಕ್ಕೆ ಹಿತವಾಗೋ ಅಷ್ಟೇ ಬೆಚ್ಚಗೆ, ಥರ್ಮಸ್‌ಗೆ ಸಾಕಾಗಲ್ಲ. ಬಿಸಿ ಇಷ್ಟಪಡೋ ಬ್ಯಾಕ್ಟೀರಿಯಾ ಬೇಕಂದ್ರೆ ನಮ್ಮಲ್ಲಿ ತಿಪ್ಪೆಗುಂಡಿಯೇ ವಾಸಿ, ಚೆನ್ನಾಗಿ ಕೊಳೀತಿರೋ ಗೊಬ್ಬರದ ರಾಶಿಯ ಒಳಗೆ 60 ಡಿಗ್ರಿ ದಾಟತ್ತೆ, ಬೆಳಗಿನ ಚಳೀಲಿ ಕೆದಕಿದ್ರೆ ಹಬೆ ಬರೋದು ಅದಕ್ಕೇ, ಆ ಬಿಸಿ ಹುಟ್ಟಿಸೋರೂ ಸೂಕ್ಷ್ಮಜೀವಿಗಳೇ.

ಮನೆಯ ಗೀಸರಲ್ಲೂ ಇರಬಹುದು. ಬ್ರಾಕ್ ಮತ್ತೆ ಜೊತೆಯವರು 1970ರ ದಶಕದಲ್ಲಿ ಅಮೆರಿಕದ ಮನೆಗಳ, ಲಾಂಡ್ರಿಗಳ ವಾಟರ್ ಹೀಟರ್ ನೀರನ್ನ ಪರೀಕ್ಷೆ ಮಾಡಿದಾಗ ಥರ್ಮಸ್ ತರದವು ಸಿಕ್ಕಿದ್ವು. ಹೆದರೋ ಅಗತ್ಯ ಇಲ್ಲ, 37 ಡಿಗ್ರಿಯ ನಮ್ಮ ಮೈಯಲ್ಲಿ ಅವು ಬೆಳೆಯಲ್ಲ. ಹೆದರೋದಾದ್ರೆ ಲೀಜನೆಲ್ಲಾಗೆ ಹೆದರಿ, ನ್ಯುಮೋನಿಯಾ ತರೋ ಆ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯೋದು 25ರಿಂದ 45 ಡಿಗ್ರಿಯ ನಿಂತ ನೀರಲ್ಲಿ. ಕರೆಂಟ್ ಉಳಿಸೋಕೆ ಅಂತ ಸ್ಟೋರೇಜ್ ಗೀಸರನ್ನ ಯಾವಾಗ್ಲೂ 40ಕ್ಕೆ ಇಡೋರು 60ಕ್ಕೆ ಏರಿಸ್ಕೊಳ್ಳೋದು ಒಳ್ಳೇದು, ಬಕೆಟ್ಟಲ್ಲಿ ತಣ್ಣೀರು ಬೆರೆಸ್ಕೊಂಡ್ರಾಯ್ತು.